ಮುಕ್ಕಾಲು ನೈಂಟಿ

ಪೆನ್ಸಿಲ್ವೇನಿಯಾದಲ್ಲಿ ಕೆಲಸದಲ್ಲಿರುವ ಗೆಳೆಯ ರಜೆಗೆ ಬಂದಾಗ ಎರಡು ಬಾಟಲಿ ಬಿಯರ್ ತಂದಿದ್ದ. ಜಾಲಹಳ್ಳಿಯ ಅವನ ಮನೆಯ ತಾರಸಿಯಲ್ಲಿ ಕೂತು ಆಳಿಗೊಂದರಂತೆ ತೆರೆದೆವು. ಹೆಸರು ಟ್ರೋಗನೇಟರ್. ಹರ್ಷೀ ಎಂಬ ಊರಿನ ಟ್ರೋಗ್ಸ್ ಬ್ರೂವರಿಯದು. ಜರ್ಮನಿಯ ‘ಡಾಪಲ್‌ಬಾಕ್’ ಎಂಬ ಗಟ್ಟಿ ಲಾಗರ್‌ನ ಅಮೆರಿಕನ್ ರೂಪ. ಆಲ್ಕೋಹಾಲ್ ಶೇ. 8.2.

ಬಣ್ಣ ಬೆಳಗಿದ ತಾಮ್ರದ ಚೊಂಬಿನಂತೆ. ಮೊದಲು ನಾಲಗೆಗೆ ಸಿಕ್ಕಿದ್ದು ಕೆಂಪಗೆ ಸುಟ್ಟ ಬ್ರೆಡ್ಡಿನ ಅಂಚು, ಆಮೇಲೆ ಪಾಕಕ್ಕೆ ಬಂದ ಬೆಲ್ಲ, ಕೊನೆಗೆ ಒಣದ್ರಾಕ್ಷಿ. ಕಹಿ ಕಡಿಮೆ. ನನಗೆ ನೆನಪಾದದ್ದು ರಾಗಿ ಹುರಿಹಿಟ್ಟು. ಅದು ಬರೀ ಭ್ರಮೆಯಲ್ಲ. ಧಾನ್ಯವನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿ, ಹದವಾಗಿ ಹುರಿದರೆ ಬರುವುದೇ ಮಾಲ್ಟ್. ನಾವು ಎಳೆಯ ಮಕ್ಕಳಿಗೆ ಕುಡಿಸುವ ರಾಗಿ ಮಾಲ್ಟ್‌ನ ಮಾಲ್ಟ್ ಕೂಡ ಇದೇ. ಇಲ್ಲಿ ರಾಗಿಯ ಬದಲು ಬಾರ್ಲಿ, ಅಷ್ಟೆ. ಆ ರಸವನ್ನು ಹುಳಿಯಲು ಬಿಟ್ಟು, ವಾರಗಟ್ಟಲೆ ತಣ್ಣಗೆ ಇಡುತ್ತಾರೆ. ಲಾಗರ್ ಎಂಬ ಹೆಸರೇ ‘ದಾಸ್ತಾನು ಇಡು’ ಎಂಬರ್ಥದ ಜರ್ಮನ್ ಪದದಿಂದ ಬಂದದ್ದು.

ಇದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಬರೆಯುವಾಗ ಒಳಗೊಳಗೇ ಒಂದು ಸಮಾಧಾನವಿತ್ತು: ನಾನು ಕುಡಿಯುತ್ತಿಲ್ಲ, ರುಚಿ ನೋಡುತ್ತಿದ್ದೇನೆ.

ಮನೆಗೆ ಬಂದಾಗ ಬಾಗಿಲು ತೆಗೆದ ಅಮ್ಮನಿಗೆ ವಾಸನೆ ಬಡಿಯಿತು. “ಎಷ್ಟು ಕುಡ್ದೆ?” ಎಂದಳು. “ಕುಡೀಲಿಲ್ಲಮ್ಮ, ರುಚಿ ನೋಡ್ದೆ ಅಷ್ಟೆ” ಎಂದೆ. “ನಿಮ್ಮಪ್ಪನೂ ಮೊದಮೊದಲು ಹಂಗೇ ಅಂತಿದ್ರು ಕಣೋ” ಎಂದು ಒಳಗೆ ಹೋದಳು.

ಅಪ್ಪ ಪೀಣ್ಯದ ಒಂದು ಸಣ್ಣ ಶೆಡ್‌ನಲ್ಲಿ ಲೇತ್ ಮಷೀನ್ ನಡೆಸುತ್ತಿದ್ದರು. ಸಂಜೆ ಸಾರಾಯಿ ಪ್ಯಾಕೆಟ್. 2007ರ ಜುಲೈಯಲ್ಲಿ ಸರ್ಕಾರ ಸಾರಾಯಿ ನಿಷೇಧಿಸಿತು. ಅಮ್ಮ ಅವತ್ತು ದೇವರಿಗೆ ಕೈಮುಗಿದದ್ದು ನೆನಪಿದೆ. ಕೆಲವೇ ದಿನಗಳಲ್ಲಿ ಪ್ಯಾಕೆಟ್ಟಿನ ಜಾಗಕ್ಕೆ ಅಗ್ಗದ ವಿಸ್ಕಿಯ ‘ನೈಂಟಿ’ ಬಂತು. ಸಂಬಳದ ದಿನ ಅಮ್ಮ ಶೆಡ್ಡಿನ ಗೇಟಿನ ಬಳಿ ನಿಲ್ಲುವುದು ತಪ್ಪಲಿಲ್ಲ.

ಆ ರಾತ್ರಿ ನಿದ್ದೆ ಬಾರದೆ ಒಂದು ಲೆಕ್ಕ ಹಾಕಿದೆ. ನನ್ನ ಬಾಟಲಿ 355 ಮಿಲಿ. ಅದರ ಶೇ. 8.2 ಎಂದರೆ ಸುಮಾರು 29 ಮಿಲಿ ಶುದ್ಧ ಆಲ್ಕೋಹಾಲ್. ಅಪ್ಪನ 90 ಮಿಲಿ ವಿಸ್ಕಿಯಲ್ಲಿ, ಶೇ. 42.8ರ ಲೆಕ್ಕದಲ್ಲಿ, ಸುಮಾರು 38.5 ಮಿಲಿ. ಅಂದರೆ ನಾನು ಒಣದ್ರಾಕ್ಷಿ, ಬೆಲ್ಲ ಎಂದು ಬರೆಯುತ್ತ ಕುಡಿದದ್ದು ಮುಕ್ಕಾಲು ನೈಂಟಿ.

ಪೇಯಕ್ಕೆ ಒಳ್ಳೆಯ ಹೆಸರಿಟ್ಟು ಮನಸ್ಸನ್ನು ಹಗುರ ಮಾಡಿಕೊಳ್ಳುವುದು ನನ್ನಿಂದ ಶುರುವಾದದ್ದಲ್ಲ. ಡಾಪಲ್‌ಬಾಕ್ ಹುಟ್ಟಿದ್ದು 17ನೇ ಶತಮಾನದ ಮ್ಯೂನಿಕ್‌ನಲ್ಲಿ, ಪೌಲಾನರ್ ಸನ್ಯಾಸಿಗಳ ಮಠದಲ್ಲಿ. ಈಸ್ಟರ್‌ಗೆ ಮುಂಚಿನ ಉಪವಾಸದಲ್ಲಿ ಅನ್ನಾಹಾರ ಕೂಡದು, ಪಾನೀಯಕ್ಕೆ ಅಡ್ಡಿಯಿಲ್ಲ. ಹಾಗಾಗಿ ಹೊಟ್ಟೆ ತುಂಬುವಂಥ ಗಟ್ಟಿ ಬಿಯರ್ ಕುದಿಸಿ ಅದನ್ನು ‘ದ್ರವರೂಪದ ರೊಟ್ಟಿ’ ಎಂದರು ಎಂಬ ಕಥೆಯಿದೆ. ಅವರ ಬಿಯರ್‌ಗೆ ಬಂದ ಹೆಸರು ಸಾಲ್ವೇಟರ್, ಅಂದರೆ ಉದ್ಧಾರಕ. ಟ್ರೋಗನೇಟರ್‌ನ ಬಾಲದಲ್ಲಿರುವ ‘ಏಟರ್’ ಅದರದೇ ನೆರಳು. ಏಕಾದಶಿ ದಿನ ಅನ್ನ ಬಿಟ್ಟು ಅವಲಕ್ಕಿ, ಉಪ್ಪಿಟ್ಟುಗಳನ್ನು ‘ಫಲಾಹಾರ’ವೆಂದು ಹೊಟ್ಟೆತುಂಬ ತಿನ್ನುವ ನಾವು ಅವರನ್ನು ನೋಡಿ ನಗುವಂತಿಲ್ಲ.

ಹಾಗಾದರೆ ರುಚಿ ಎಂಬುದು ಬರೀ ನೆಪವೇ? ಅಲ್ಲ. ಆ ಬಿಯರ್‌ನಲ್ಲಿ ಒಬ್ಬರ ಶ್ರದ್ಧೆ, ತಾಳ್ಮೆ ಇರುವುದು ನಿಜ. ಗಮನವಿಟ್ಟು ಗುಟುಕರಿಸಿದವನಿಗೆ ಮಾತ್ರ ಅದು ಸಿಕ್ಕುವುದೂ ನಿಜ. ಆದರೆ ಗಮನಕ್ಕೆ ಪುರುಸೊತ್ತು ಬೇಕು. ಮರುದಿನ ಬೆಳಿಗ್ಗೆ ನನಗೆ ಶಿಫ್ಟ್ ಇರಲಿಲ್ಲ. ನಾನು ಹತ್ತು ಗಂಟೆಗೆ ಎದ್ದರೂ ನನ್ನ ಬೆರಳನ್ನು ಕಚ್ಚುವ ಯಂತ್ರವಿಲ್ಲ. ಪ್ರಬಂಧದ ಅಧ್ಯಾಯ ಒಂದು ದಿನ ತಡವಾದರೆ ಯಾರ ಮನೆಯಲ್ಲೂ ಒಲೆ ಆರುವುದಿಲ್ಲ.

1976ರಲ್ಲಿ ಬರ್ನಾರ್ಡ್ ವಿಲಿಯಮ್ಸ್ ಮತ್ತು ಥಾಮಸ್ ನೇಗೆಲ್ ಎಂಬ ತತ್ತ್ವಜ್ಞರು ‘ನೈತಿಕ ಅದೃಷ್ಟ’ದ ಪ್ರಶ್ನೆ ಎತ್ತಿದರು. ನೇಗೆಲ್ ಕೊಡುವ ಒಂದು ಉದಾಹರಣೆಯಲ್ಲಿ ಕುಡಿದವನೊಬ್ಬನ ಕಾರು ಫುಟ್‌ಪಾತ್ ಹತ್ತುತ್ತದೆ. ಅಲ್ಲಿ ಯಾರೂ ಇರದಿದ್ದರೆ ಅವನದು ಬರೀ ಅಜಾಗ್ರತೆ. ಯಾರೋ ಇದ್ದರೆ ಅವನು ಕೊಂದವನು. ತಪ್ಪು ಒಂದೇ, ತೀರ್ಪು ಎರಡು. ನನ್ನ ಫುಟ್‌ಪಾತ್ ಖಾಲಿಯಿತ್ತು. ಅಪ್ಪನದರ ಮೇಲೆ ಅಮ್ಮ, ನಾನು ನಿಂತಿದ್ದೆವು.

ಇದರಿಂದ ಅಪ್ಪನ ಕುಡಿತ ಸರಿಯಾಗುವುದಿಲ್ಲ. ಗೇಟಿನ ಬಳಿ ನಿಂತ ಅಮ್ಮನ ಸಿಟ್ಟಿಗೆ ಪೂರ್ತಿ ನ್ಯಾಯವಿದೆ. ಇಷ್ಟು ವರ್ಷ ನಾನು ಅಪ್ಪನಿಗಿಂತ ಮೇಲು ಎಂದುಕೊಂಡಿದ್ದೆನಲ್ಲ, ಅದು ಮಾತ್ರ ಈಗ ಸರಿಯಾಗಿ ನಿಲ್ಲುವುದಿಲ್ಲ. ನನಗೆ ಸಿಕ್ಕ ಅನುಕೂಲವನ್ನು ನನ್ನ ಗುಣ ಎಂದುಕೊಂಡಿದ್ದೆ. ನಾವು ಸಾಹಿತ್ಯದವರು ರಾಜರತ್ನಂ ಅವರ ಯೆಂಡ್ಕುಡ್ಕ ರತ್ನನನ್ನು ಎದೆಗಪ್ಪಿಕೊಳ್ಳುತ್ತೇವೆ. ಜಾಲಹಳ್ಳಿ ಕ್ರಾಸಿನಲ್ಲಿ ತೂರಾಡುವವನು ಎದುರಾದರೆ ರಸ್ತೆ ದಾಟುತ್ತೇವೆ.

ರುಚಿ ಕೇಳುವ ಪ್ರಶ್ನೆ ‘ಹೇಗಿದೆ?’ ಎಂದು. ಅಮ್ಮ ಕೇಳಿದ್ದು ‘ಎಷ್ಟು?’ ಎಂದು. ಓದಿದವರು ಮೊದಲನೆಯದಕ್ಕೆ ಚೆನ್ನಾಗಿ ಉತ್ತರಿಸಿ, ಎರಡನೆಯದಕ್ಕೂ ಉತ್ತರಿಸಿದೆವು ಅಂದುಕೊಳ್ಳುತ್ತೇವೆ. ಒಣದ್ರಾಕ್ಷಿಯ ಪರಿಮಳ ಅಮ್ಮನವರೆಗೆ ಯಾವತ್ತೂ ತಲುಪಿಲ್ಲ. ಅವಳಿಗೆ ತಲುಪಿದ್ದು ಪ್ರಮಾಣ ಮಾತ್ರ: ಎಷ್ಟು ಕುಡಿದರು, ಎಷ್ಟು ಉಳಿಯಿತು, ಎಷ್ಟು ಹೊತ್ತಿಗೆ ಬಂದರು.

ಬೆಳಿಗ್ಗೆ ಅಡುಗೆಮನೆಗೆ ಹೋಗಿ, “ಮುಕ್ಕಾಲು ನೈಂಟಿಯಷ್ಟು ಅಮ್ಮ” ಎಂದೆ. ಅವಳು ನನ್ನ ಮುಖವನ್ನೊಮ್ಮೆ ನೋಡಿ ಕಾಫಿ ಲೋಟ ಮುಂದಿಟ್ಟಳು. ನೋಟ್‌ಬುಕ್ಕಿನಲ್ಲಿ ರುಚಿಯ ಟಿಪ್ಪಣಿಯ ಕೆಳಗೆ ಆ ಲೆಕ್ಕವನ್ನೂ ಬರೆದಿಟ್ಟೆ.