ಹೆಸರಿಟ್ಟವರ ಪರವಾಗಿ

ಮಗುವನ್ನು ತೊಟ್ಟಿಲಿಗೆ ಹಾಕಿ, ಸೋದರತ್ತೆ ಅದರ ಕಿವಿಯಲ್ಲಿ ಹೆಸರನ್ನು ಉಸುರಿ, ಸುತ್ತ ನಿಂತ ಹೆಂಗಸರಿಂದ ಬೆನ್ನಿಗೆ ಹುಸಿಗುದ್ದು ತಿಂದು ನಗುವ ಹೊತ್ತಿಗೆ, ಹಜಾರದಲ್ಲಿ ಕೂತ ನೆಂಟರ ಬಾಯಲ್ಲಿ ಎರಡು ಪ್ರಶ್ನೆಗಳು ಸಿದ್ಧವಾಗಿರುತ್ತವೆ. ಏನು ಹೆಸರಿಟ್ಟಿರಿ ಎಂಬುದು ಮೊದಲನೆಯದು. ಅದರಲ್ಲಿ ಅಕ್ಕರೆ ಬಿಟ್ಟು ಬೇರೇನೂ ಇರುವುದಿಲ್ಲ. ಹೆಸರು ಕಿವಿಗೆ ಬಿದ್ದ ಮೇಲೆ, ಹುಬ್ಬನ್ನು ತುಸು ಏರಿಸಿ ಕೇಳುವ 'ಹಾಗಂದ್ರೆ ಏನು?' ಎಂಬುದು ಎರಡನೆಯದು. ಇದಕ್ಕೆ ಹೆದರಿಯೇ ಈಗಿನ ಎಳೆಯ ತಂದೆತಾಯಿಗಳು ಹೆಸರಿನ ಜೊತೆಗೆ ಅದರ ಸಮರ್ಥನೆಯನ್ನೂ ಉರು ಹೊಡೆದುಕೊಂಡಿರುತ್ತಾರೆ. ಸಂಸ್ಕೃತದಲ್ಲಿ ಇದೆ, ವಿಷ್ಣು ಸಹಸ್ರನಾಮದಲ್ಲಿ ಬರುತ್ತದೆ, ಸೂರ್ಯನ ಮೊದಲ ಕಿರಣ ಅಂತ ಅರ್ಥ. (ಈಚೆಗೆ ಹುಟ್ಟಿದ ಮಕ್ಕಳಲ್ಲಿ ಅರ್ಧಕ್ಕರ್ಧ ಸೂರ್ಯನ ಮೊದಲ ಕಿರಣಗಳೇ ಇರುವಂತಿದೆ, ನಾಡಿಗೆ ಬೆಳಗಿನ ಬರವಂತೂ ಬಾರದು.) ಅದೂ ಸಾಲದಿದ್ದರೆ ಜೋಯಿಸರ ಮೇಲೆ ಹಾಕುವುದುಂಟು. ಜೋಯಿಸರಾದರೂ ಏನು ಮಾಡಿಯಾರು? ಆರ್ದ್ರಾ ನಕ್ಷತ್ರದ ಮೂರನೆಯ ಪಾದಕ್ಕೆ ಪಂಚಾಂಗ ಕೊಡುವ ಅಕ್ಷರ ಙ; ಉತ್ತರಾಭಾದ್ರದ ನಾಲ್ಕನೆಯ ಪಾದಕ್ಕೆ ಞ. ಆ ಅಕ್ಷರ ಹಿಡಿದು ರಾತ್ರಿಯೆಲ್ಲ ಪುಸ್ತಕ ತಿರುವಿದ ತಂದೆಯೊಬ್ಬನ ಪಾಡನ್ನು ನೆನೆದರೆ, ಬೆಳಗ್ಗೆ ಅವನ ಬಾಯಿಂದ ಬಂದ ಹೆಸರು ಎಂಥದ್ದೇ ಇರಲಿ, ಕ್ಷಮಿಸಿಬಿಡಬೇಕೆನಿಸುತ್ತದೆ.

ಆದರೆ ಈ ಎರಡನೆಯ ಪ್ರಶ್ನೆ ಎಲ್ಲರ ಮನೆಗೂ ಹೋಗುವುದಿಲ್ಲ ಎಂಬುದನ್ನು ಗಮನಿಸಿದ್ದೀರಾ? ಶ್ರೀನಿವಾಸನ ಅರ್ಥವನ್ನು ಯಾರೂ ಕೇಳುವುದಿಲ್ಲ. ಸುಬ್ರಹ್ಮಣ್ಯನ ಅರ್ಥ ಕೇಳಿದರೂ ಎಷ್ಟು ಮಂದಿಗೆ ಅದು ತಟ್ಟನೆ ಹೇಳಲು ಬಂದೀತು? ಕೆಲವು ಹೆಸರುಗಳಿಗೆ ಹುಟ್ಟಿನಿಂದಲೇ ರಹದಾರಿ ಸಿಕ್ಕಿರುತ್ತದೆ. ಕೆಲವು ಬಾಗಿಲಲ್ಲಿ ನಿಂತು ತಮ್ಮ ಊರು ಕೇರಿ ಹೇಳಬೇಕಾಗುತ್ತದೆ. ನಮಗೆ ಅದು ರುಚಿಯ ಮಾತು, ಕಿವಿಗೆ ಹಿತವೋ ಅಹಿತವೋ ಎಂಬಷ್ಟೇ ಮಾತು ಎನಿಸುತ್ತದೆ. ಆದರೆ ಕಿವಿಗೂ ಒಂದು ಸಾಕಣೆ ಇದೆ, ಅದಕ್ಕೂ ಒಂದು ಮನೆತನವಿದೆ. ಮನುಸ್ಮೃತಿಯ ಎರಡನೆಯ ಅಧ್ಯಾಯ ಈ ರುಚಿಯನ್ನು ಮುಚ್ಚುಮರೆಯಿಲ್ಲದೆ ಕಟ್ಟಳೆಯಾಗಿಯೇ ಇಟ್ಟಿದೆ: ಬ್ರಾಹ್ಮಣನ ಹೆಸರಿನಲ್ಲಿ ಮಂಗಳ, ಕ್ಷತ್ರಿಯನ ಹೆಸರಿನಲ್ಲಿ ಬಲ, ವೈಶ್ಯನ ಹೆಸರಿನಲ್ಲಿ ಧನ ಇರಬೇಕು, ಶೂದ್ರನದು ಮಾತ್ರ ಕೇಳಿದವರಿಗೆ ಹೇಸಿಕೆ ಹುಟ್ಟಿಸುವಂತಿರಬೇಕು. ಕೂಸು ಕಣ್ಣು ಬಿಡುವ ಮೊದಲೇ, ಅದನ್ನು ಕೂಗಿದವರ ಬಾಯಿ ಸೊಟ್ಟಗಾಗಬೇಕೆಂದು ಬಯಸಿದ ಬುದ್ಧಿ ಅದು. ಆ ಪುಸ್ತಕವನ್ನು ಓದದವರೂ ಅದನ್ನು ಪಾಲಿಸುತ್ತ ಬಂದರು.

ತುಳುನಾಡಿನ ದುಡಿಯುವ ಕೇರಿಗಳಲ್ಲಿ ಹುಟ್ಟಿದ ವಾರವೇ ಹೆಸರಾಗುತ್ತಿತ್ತು. ಭಾನುವಾರ ಹುಟ್ಟಿದವನು ಐತ, ಮಂಗಳವಾರದವನು ಅಂಗಾರ, ಶುಕ್ರವಾರದವನು ತುಕ್ರ, ಶನಿವಾರದವನು ತನಿಯ ಇಲ್ಲವೆ ಚನಿಯ. ಶಿವರಾಮ ಕಾರಂತರು 1933ರಲ್ಲಿ ಬರೆದ 'ಚೋಮನ ದುಡಿ'ಯಲ್ಲಿ ಚೋಮನ ಮಕ್ಕಳಾದ ಗುರುವ, ಚನಿಯರು ಈ ಬಳಕೆಯ ಹೆಸರಿನವರೇ. ಒಡೆಯನ ಮನೆಯ ಹೆಸರನ್ನು ಆಳಿನ ಮನೆ ಇಟ್ಟುಕೊಳ್ಳುವಂತಿರಲಿಲ್ಲ ಎಂದು ನೆನಪಿಸಿಕೊಳ್ಳುವ ಮುದುಕರು ಎಷ್ಟೋ ಊರುಗಳಲ್ಲಿದ್ದರು. ವಾರದ ಲೆಕ್ಕ ಯಾರದೂ ಅಲ್ಲವಲ್ಲ, ಅದಕ್ಕೆ ತಡೆಯೂ ಇರಲಿಲ್ಲ. ಇನ್ನು ಬಯಲುಸೀಮೆಯಲ್ಲಿ, ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ, ಮತ್ತೊಂದು ಕೂಸು ಬಂದರೆ ಅದಕ್ಕೆ ಗುಂಡ, ಕಲ್ಲ, ಹುಚ್ಚ, ತಿಪ್ಪ ಎಂದಿಡುತ್ತಿದ್ದರು. ಸಾವಿನ ಕಣ್ಣಿಗೆ ಈ ಕೂಸು ಬೇಡವಾದ ವಸ್ತುವಿನಂತೆ ಕಂಡು, ಸಾವು ಮುಂದಿನ ಮನೆಗೆ ಹೋಗಲಿ ಎಂಬ ಆಸೆ. ಎರಡು ಮೂರು ಮಕ್ಕಳನ್ನು ಮಣ್ಣಿಗಿಟ್ಟ ತಾಯಿ ಇಟ್ಟ ಹೆಸರಿನಷ್ಟು ಪ್ರೀತಿಯ ಹೆಸರು ಯಾವ ಸಹಸ್ರನಾಮದಲ್ಲಿ ಸಿಕ್ಕೀತು? ಅದೇ ಹೆಸರು ಶಾಲೆಯ ಹಾಜರಿಯಲ್ಲಿ ಕೂಗಿದಾಗ ಹಿಂದಿನ ಬೆಂಚು ಕಿಸಕ್ಕೆಂದಿತು. ಸಿನಿಮಾದಲ್ಲಿ ಗಮಾರ ಬೇಕಾದಾಗ, ಮನೆಯಾಳು ಬೇಕಾದಾಗ, ಅವನಿಗೆ ಬೋರ, ನಿಂಗ, ಮಾರ ಎಂದು ಹೆಸರಿಟ್ಟರೆ ಸಾಕಿತ್ತು. ನಟ ಬಾಯಿ ಬಿಡುವ ಮುಂಚೆಯೇ ಜನ ನಕ್ಕರು.

ತಿಪ್ಪೇಸ್ವಾಮಿ ಎಂಬ ಹೆಸರು ಕೇಳಿ ಬೆಂಗಳೂರಿನ ಕಚೇರಿಯೊಂದರಲ್ಲಿ ನಗುವವರಿಗೆ, ಚಳ್ಳಕೆರೆ ಸೀಮೆಯ ನಾಯಕನಹಟ್ಟಿಯಲ್ಲಿ ತಿಪ್ಪೇರುದ್ರಸ್ವಾಮಿಯ ತೇರು ಎಳೆಯುವಾಗ ಸೇರುವ ಜನಸಾಗರ ಗೊತ್ತಿರುವುದಿಲ್ಲ. ಆ ಬರದ ನೆಲದಲ್ಲಿ ಕೆರೆ ಕಟ್ಟಿಸಿದವನೆಂದು ಜನ ಅವನನ್ನು ಇಂದಿಗೂ ನೆನೆಯುವುದೂ ತಿಳಿದಿರುವುದಿಲ್ಲ. ಕೊಟ್ರೇಶನೆಂದರೆ ಕೊಟ್ಟೂರಿನ ಕಡೆಯವನು, ಗವಿಸಿದ್ದಪ್ಪನೆಂದರೆ ಕೊಪ್ಪಳದವನು, ಶರಣಬಸಪ್ಪನೆಂದರೆ ಕಲಬುರಗಿಯವನು, ಮಾದೇಶನ ಮನೆಯವರು ಮಲೆ ಮಹದೇಶ್ವರನ ಬೆಟ್ಟಕ್ಕೆ ನಡೆದು ಹೋಗುವವರು, ಹುಲಿಗೆಮ್ಮನ ಹೆತ್ತವರು ಹುಲಿಗಿಯ ಅಮ್ಮನಿಗೆ ಹರಕೆ ಹೊತ್ತವರು. ಪರವೂರಿನ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬರ ಹೆಸರು ಕೇಳಿ 'ನಮ್ಮ ಕಡೆಯವರಾ?' ಎಂದು ಪಕ್ಕಕ್ಕೆ ಸರಿದು ಜಾಗ ಕೊಡುವುದು ಈ ಹೆಸರುಗಳಿಂದಲೇ. ನಕ್ಕವರಿಗೆ ಇಷ್ಟೆಲ್ಲ ತಿಳಿಯದಿರುವುದು ತಪ್ಪೇನಲ್ಲ, ನಾಡು ದೊಡ್ಡದು. ತಿಳಿಯದಿದ್ದುದನ್ನು ಕೇಳಿ ತಿಳಿಯುವ ಬದಲು ನಗುವುದೇ ಏಕೆ ಮೊದಲು ಬರುತ್ತದೆ ಎಂಬುದು ಮಾತ್ರ ಯೋಚಿಸಬೇಕಾದದ್ದು. 1954ರಲ್ಲಿ 'ಬೇಡರ ಕಣ್ಣಪ್ಪ' ತೆರೆಗೆ ಬರುವಾಗ ಸಿಂಗಾನಲ್ಲೂರಿನ ಮುತ್ತುರಾಜ ರಾಜ್‌ಕುಮಾರ್ ಆದರು. ಚಿತ್ರರಂಗದ ರೂಢಿ ಅದು, ದೂರುವಂಥದ್ದೇನಿಲ್ಲ. ಆದರೂ ಕಾವೇರಿ ದಂಡೆಯ ಮುತ್ತತ್ತಿರಾಯನ ನೆನಪು ಹೊತ್ತ ಅಂಥ ಚೆಂದದ ಹೆಸರಿಗೂ ಪರದೆಯ ಮೇಲೆ ಜಾಗವಾಗಲಿಲ್ಲವಲ್ಲ ಎನಿಸದೆ ಇರುವುದಿಲ್ಲ.

ಹನ್ನೆರಡನೆಯ ಶತಮಾನದ ಶರಣರು ಈ ನಾಚಿಕೆಗೆ ಬೇರೆಯೇ ದಾರಿ ಕಂಡುಕೊಂಡಿದ್ದರು. ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ಮಡಿವಾಳ ಮಾಚಯ್ಯ, ಆಯ್ದಕ್ಕಿ ಲಕ್ಕಮ್ಮ: ಲೋಕ ಯಾವುದನ್ನು ಕೀಳೆಂದಿತೋ ಆ ಕಾಯಕವೇ ಹೆಸರಿನ ಮುಂದೆ ತಲೆಯೆತ್ತಿ ನಿಂತಿತು. ಆ ಧೈರ್ಯ ದೊಡ್ಡದು. ಆದರೆ ಆ ಧೈರ್ಯವನ್ನು ತೊಟ್ಟಿಲ ಕೂಸಿನ ಮೇಲೆ ಹೊರಿಸಿ, ನೀನೂ ಹಾಗೇ ಬದುಕು ಎನ್ನಲು ನಮಗೇನು ಹಕ್ಕಿದೆ?

ಇದನ್ನು ಹೇಳುವುದಕ್ಕೆ ಕಾರಣವಿದೆ. ಹಳೆಯ ಹೆಸರುಗಳನ್ನು ನೋಡಿ ನಗುತ್ತಿದ್ದ ಕಾಲ ಕಳೆದು, ಹೊಸ ಹೆಸರುಗಳನ್ನು ನೋಡಿ ನಗುವ ಕಾಲ ಬಂದಿದೆ, ಮತ್ತು ಈ ಸಲ ನಗುತ್ತಿರುವವರು ನಾವು: ಕನ್ನಡ ಓದುವವರು, ಬರೆಯುವವರು, ಮಣ್ಣಿನ ವಾಸನೆಯ ಬಗ್ಗೆ ಮಾತಾಡುವವರು. ಗಾರೆ ಕೆಲಸದ ಮಾರಪ್ಪನ ಮಗಳು ಸಿಂಚನ, ಮೊಮ್ಮಗ ರಿಯಾಂಶ್ ಎಂದು ಕೇಳಿದಾಗ ನಮ್ಮ ತುಟಿಯ ಕೊನೆ ತಾನಾಗಿ ಕೊಂಕುತ್ತದೆ. ಟೀವಿ ಧಾರಾವಾಹಿಯ ಹೆಸರು, ಹಿಂದಿಯ ಹಾವಳಿ, ಅರ್ಥವಿಲ್ಲದ ಸದ್ದು ಎನ್ನುತ್ತೇವೆ. ಎಂಥ ಸೊಗಸಾದ ಹೆಸರುಗಳಿದ್ದವು, ಎಲ್ಲ ಹೋದವಲ್ಲ ಎಂದು ಮರುಗುತ್ತೇವೆ. ಹೀಗೆ ಮರುಗುವ ನಮ್ಮ ಮನೆಗಳಲ್ಲಿ ಈಚೆಗೆ ಹುಟ್ಟಿದ ಒಬ್ಬಳಾದರೂ ತಿಪ್ಪಮ್ಮ, ಒಬ್ಬನಾದರೂ ಬೋರಯ್ಯ ಇದ್ದಾನೆಯೆ? ಆ ಹೆಸರುಗಳ ಸೊಗಸನ್ನು ನಾವು ಸವಿಯಬೇಕು, ಅವುಗಳ ಭಾರವನ್ನು ಮಾರಪ್ಪನ ಮೊಮ್ಮಗ ಹೊರಬೇಕು. ಇದು ಯಾವ ನ್ಯಾಯ? ಮಾರಪ್ಪನ ಮನೆಯಲ್ಲಿ ಹೆಸರನ್ನು ಆರಿಸಿ ಇಡುವ ಸ್ವಾತಂತ್ರ್ಯವೇ ಒಂದೆರಡು ತಲೆಮಾರಿನದು. ಸಿಕ್ಕ ಸ್ವಾತಂತ್ರ್ಯದಲ್ಲಿ ಅವನು, ಯಾರೂ ತನ್ನ ಕೇರಿಯನ್ನು ಗುರುತಿಸಲಾಗದ ಹೆಸರೊಂದನ್ನು ಆರಿಸಿಕೊಂಡ. ಎಲ್ಲಿಯದೂ ಅಲ್ಲದ ಹೆಸರು ಎಂದು ನಾವು ಅದನ್ನು ದೂರುತ್ತೇವೆ. ಅವನಿಗೆ ಬೇಕಾಗಿದ್ದೂ ಅದೇ ಇರಬಹುದು.

ಹೊಸ ಹೆಸರು ಇಡುವುದು ಯಾರಿಗೆ ಒಪ್ಪುತ್ತದೆ, ಯಾರಿಗೆ ಒಪ್ಪುವುದಿಲ್ಲ ಎಂಬ ನಮ್ಮ ಲೆಕ್ಕವೂ ವಿಚಿತ್ರವಾದದ್ದು. ಕುಪ್ಪಳಿಯ ವೆಂಕಟಪ್ಪನವರ ಮಗ ಪುಟ್ಟಪ್ಪನವರು 1938ರಲ್ಲಿ ಹುಟ್ಟಿದ ತಮ್ಮ ಮಗನಿಗೆ ಪೂರ್ಣಚಂದ್ರ ತೇಜಸ್ವಿ ಎಂದು ಹೆಸರಿಟ್ಟರು. ಆಮೇಲೆ ಹುಟ್ಟಿದವರಿಗೆ ಕೋಕಿಲೋದಯ ಚೈತ್ರ, ಇಂದುಕಲಾ, ತಾರಿಣಿ ಎಂದು. ವೆಂಕಟಪ್ಪ, ಪುಟ್ಟಪ್ಪ ಎಂಬ ಹೆಸರುಗಳ ಮನೆಯಲ್ಲಿ ಕೋಕಿಲೋದಯ ಚೈತ್ರ! ಪರಂಪರೆ ಮುರಿಯಿತೆಂದು ನಾವಾರೂ ಅಳುವುದಿಲ್ಲ. ಕವಿಯ ಮನಸ್ಸು ಎಂದು ತಲೆದೂಗುತ್ತೇವೆ, ತೂಗಲೇಬೇಕು. ಆದರೆ ತನ್ನ ಕೂಸಿನ ಮುಖ ನೋಡಿ ಹಿಂದೆಂದೂ ಆಡದ ಮಾತೊಂದು ನಾಲಗೆಗೆ ಬರುವುದು ಕವಿಗಳಿಗೆ ಮಾತ್ರವೇ? ಗಾರೆಯವನಿಗೂ ಆ ಹೊತ್ತಿನಲ್ಲಿ ಅಂಥದೇ ಸಡಗರವಿರುತ್ತದೆ. ಅವನ ಬಳಿ ಇರುವ ಮಾತುಗಳ ಸಂಚಿ ಬೇರೆ, ಅಷ್ಟೆ. ಇನ್ನೊಂದು ಕಡೆ, ನಗರದ ವಿದ್ಯಾವಂತರ ಮನೆಯಲ್ಲಿ ಹುಡುಗನಿಗೆ ಅಲ್ಲಮ ಎಂದೋ ಕಬೀರ ಎಂದೋ ಇಟ್ಟರೆ ಅದು ಅಭಿರುಚಿ. ಹಳ್ಳಿಯ ಅಲ್ಲಮಪ್ಪ ಮಾತ್ರ ಹಳೆಯ ಕಾಲದವನು. ಗುಂಡ ಎಂಬುದು ದೊಡ್ಡ ಮನೆಯಲ್ಲಿ ಮುದ್ದಿನ ಹೆಸರು, ಸಣ್ಣ ಮನೆಯಲ್ಲಿ ನಗೆಪಾಟಲು.

ಅಮೆರಿಕದಲ್ಲಿರುವ ನಮ್ಮವರ ಕಷ್ಟ ಮತ್ತೊಂದು ಬಗೆಯದು. ಅಲ್ಲಿಯ ಟೀಚರ ನಾಲಗೆಗೂ ಇಲ್ಲಿಯ ಅಜ್ಜಿಯ ನಾಲಗೆಗೂ ಒಟ್ಟಿಗೆ ಒಗ್ಗುವ ಹೆಸರು ಹುಡುಕುತ್ತ ಅವರು ನೀಲ್, ಮಾಯಾ, ರೋಹನ್‌ಗಳ ಹತ್ತಿರ ಬಂದು ನಿಲ್ಲುತ್ತಾರೆ, ಊರಿಗೆ ಬಂದಾಗ ಕನ್ನಡತನ ಬಿಟ್ಟರೆಂದು ಬೈಸಿಕೊಳ್ಳುತ್ತಾರೆ. ಅಜ್ಜಿ ಮಾತ್ರ ಇದರ ಗೊಡವೆಗೆ ಹೋಗದೆ 'ಪುಟ್ಟಿ' ಎಂದು ಕರೆದುಕೊಂಡಿರುತ್ತಾಳೆ. ಅವಳಿಗೆ ಇದು ಹೊಸ ಸಂಕಟವೇನಲ್ಲ: ಮಾವನ ಹೆಸರನ್ನು ಮಗನಿಗಿಟ್ಟ ಕಾಲದಲ್ಲಿ ಆ ಹೆಸರು ಹಿಡಿದು ಕೂಗುವುದಾಗಲಿ ಬೈಯುವುದಾಗಲಿ ಸೊಸೆಗೆ ಸಾಧ್ಯವಿರಲಿಲ್ಲ, ಹಾಗಾಗಿ ಪ್ರತಿ ಮಗುವಿಗೂ ಎರಡು ಹೆಸರು ಬೇಕಾಗಿದ್ದವು.

ಬಿಡದಿ ಹತ್ತಿರದ ಭದ್ರಾಪುರದ ಹಕ್ಕಿಪಿಕ್ಕಿ ಜನರ ಹೆಸರುಗಳ ಬಗ್ಗೆ ನೀವು ಪತ್ರಿಕೆಯಲ್ಲಿ ಓದಿರಬಹುದು. ಹೈಕೋರ್ಟ್, ಗೂಗಲ್, ಕಾಫಿ, ಮೈಸೂರುಪಾಕ್. ಕ್ಯಾಮೆರಾ ಹಿಡಿದು ಹೋದವರು ಆ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಹೆಸರು ಹೇಳಿಸಿ ನಗಿಸಿದ್ದಾರೆ, ನಾವೂ ನಕ್ಕಿದ್ದೇವೆ. ಹಕ್ಕಿ ಹಿಡಿದು, ಊರೂರು ಅಲೆದು ಬದುಕಿದವರು ಅವರು. 1972ರ ವನ್ಯಜೀವಿ ಕಾಯ್ದೆಯ ನಂತರ ಬೇಟೆ ಅಪರಾಧವಾಗಿ ಬದುಕೇ ಬೇರೆಯಾಯಿತು. ತಿರುಗಾಟದಲ್ಲಿ ಕಂಡದ್ದು, ಕೇಳಿದ್ದು, ದೊಡ್ಡದೆನಿಸಿದ್ದು ಅವರಲ್ಲಿ ಹೆಸರಾಯಿತು. ನಾವು ಕಾವೇರಿ, ತುಂಗಾ, ಕಾಶಿನಾಥ, ತಿರುಪತಿ ಎಂದು ಮಕ್ಕಳಿಗೆ ಇಡುವುದೂ ಹೆಚ್ಚುಕಡಿಮೆ ಹೀಗೆಯೇ ಅಲ್ಲವೆ? ಕಂಡು ಕೈಮುಗಿದ ಸ್ಥಳವನ್ನು ನಾವು ಹೆಸರಾಗಿಸಿದೆವು. ಅವರು ಕೈಮುಗಿಯಬೇಕಾಗಿ ಬಂದ ಸ್ಥಳಗಳಲ್ಲಿ ಹೈಕೋರ್ಟೂ ಒಂದಾಗಿದ್ದರೆ ಅದರಲ್ಲಿ ನಗುವುದಕ್ಕಿಂತ ನಾಚುವ ಸಂಗತಿಯೇ ಹೆಚ್ಚು.

ಹಾಗಾದರೆ ಹೆಸರಿನ ವಿಷಯದಲ್ಲಿ ತಂದೆತಾಯಿಗೆ ಯಾರೂ ಏನೂ ಹೇಳಲೇಬಾರದೆ? ಹಾಗೆಂದು ನಾನು ಹೇಳಲಾರೆ. ಕೆಲವು ಹೊಸ ಹೆಸರುಗಳು ನನ್ನ ಕಿವಿಗೂ ಇನ್ನೂ ಒಗ್ಗಿಲ್ಲ. ಸಂಖ್ಯಾಶಾಸ್ತ್ರದವರ ಮಾತು ಕೇಳಿ ಇಂಗ್ಲಿಷಿನಲ್ಲಿ ಎರಡೆರಡು ಅಕ್ಷರ ಹೆಚ್ಚು ಬರೆಯುವುದು ವ್ಯರ್ಥ ಖರ್ಚೆಂದೇ ಅನಿಸುತ್ತದೆ. ಆದರೆ ನನ್ನ ಕಿವಿಯ ನೆಮ್ಮದಿ ಆ ಮಗುವಿನ ಜವಾಬ್ದಾರಿಯಲ್ಲ. ಹೆಸರನ್ನು ತೂಗಲೇಬೇಕಾದರೆ, ಕೇಳುವವರ ಕಡೆಯಿಂದ ತೂಗದೆ, ಹೊತ್ತು ತಿರುಗುವವರ ಕಡೆಯಿಂದ ತೂಗಬೇಕು. ಗಂಡಿಗಾಗಿ ಕಾದು, ಮೂರನೆಯದೋ ನಾಲ್ಕನೆಯದೋ ಹೆಣ್ಣಾದಾಗ 'ಬೇಡವಾದವಳು' ಎಂದೇ ಹೆಸರಿಡುವ ವಾಡಿಕೆ ಪಕ್ಕದ ಮಹಾರಾಷ್ಟ್ರದಲ್ಲಿತ್ತು. ನಕುಶಾ ಎಂದು, ನಕೋಶಿ ಎಂದು. ನಮ್ಮಲ್ಲಿಯೂ ಹೆಣ್ಣು ಸಾಕೆಂದು ಸಾಕವ್ವ ಎಂದಿಟ್ಟ ಮನೆಗಳಿವೆ. ಅಲ್ಲಿ ಆ ಹುಡುಗಿಯನ್ನು ಯಾರೂ ಹೊರಗಿನಿಂದ ಬಂದು ಅಣಕಿಸಬೇಕಿರಲಿಲ್ಲ. ಊಟಕ್ಕೆ ಕರೆದ ತಾಯಿಯ ದನಿಯೇ ಅವಳಿಗೆ ನೀನು ಬೇಡವಾಗಿದ್ದೆ ಎಂದು ದಿನವೂ ಹೇಳುತ್ತಿತ್ತು. ಇಂಥ ಹೆಸರನ್ನು ಪ್ರಶ್ನಿಸದೆ ಬಿಡುವುದು ಸೌಜನ್ಯವಾಗದು.

2011ರ ಅಕ್ಟೋಬರಿನಲ್ಲಿ ಸಾತಾರಾ ಜಿಲ್ಲೆಯ ಆಡಳಿತ ಅಂಥ 285 ಹುಡುಗಿಯರನ್ನು ಒಂದೆಡೆ ಸೇರಿಸಿ ಅವರಿಗೆ ಹೊಸ ಹೆಸರಿನ ಪ್ರಮಾಣಪತ್ರ ಕೊಟ್ಟಿತು. ಹೆಸರನ್ನು ಮೇಲಿನಿಂದ ಯಾರೂ ಹೇರಲಿಲ್ಲ, ಹುಡುಗಿಯರೇ ತಮಗೆ ಬೇಕಾದುದನ್ನು ಆರಿಸಿಕೊಂಡರು. ಕೆಲವರು ಸಾವಿತ್ರಿ ಎಂದು ದೇವಿಯ ಹೆಸರಿಟ್ಟುಕೊಂಡರು, ಕೆಲವರು ವೈಶಾಲಿಯಂಥ ಹಳೆಯ ಹೆಸರು ಹಿಡಿದರು, ಇನ್ನು ಕೆಲವರು ಸಿನಿಮಾ ತಾರೆಯನ್ನು ನೆನೆದು ಐಶ್ವರ್ಯಾ ಆದರು. ಸಿನಿಮಾ ನೋಡಿ ಹೆಸರಿಡುವವರ ಬಗ್ಗೆ ನಮ್ಮ ಬಳಿ ಸಿದ್ಧವಾಗಿರುವ ಟೀಕೆಗಳನ್ನೆಲ್ಲ ಆ ಐಶ್ವರ್ಯಾಳ ಎದುರು ನಿಂತು ಹೇಳಬಲ್ಲೆವೇ ಎಂದು ನನ್ನನ್ನು ನಾನು ಕೇಳಿಕೊಂಡಿದ್ದೇನೆ. ನನಗಂತೂ ಆಗದು. ಅವಳೆದುರು ಆಡಲಾಗದ ಮಾತನ್ನು ಮಾರಪ್ಪನ ಎದುರು ಆಡುವುದು ಹೇಗೆ ಸುಲಭವಾಗುತ್ತದೆ ಎಂಬುದು ಇನ್ನೂ ಬಗೆಹರಿದಿಲ್ಲ.