ಅಗ್ಗದ ಮನೆಯೂ ಗೃಹಸ್ಥನ ಋಣವೂ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ನಾಣ್ಣುಡಿ ಹುಟ್ಟಿದ ಕಾಲದಲ್ಲಿ ಮನೆಯನ್ನು ಕಟ್ಟಿಸುವವನೇ ಅದರಲ್ಲಿ ವಾಸಿಸುವವನೂ ಆಗಿದ್ದನು. ಮಾಳಿಗೆ ಸೋರಿದರೆ ನೆನೆಯುವವನು ತಾನೇ ಎಂಬ ಅರಿವು ಅವನನ್ನು ಎಚ್ಚರದಲ್ಲಿಡುತ್ತಿದ್ದಿತು. ಬೆಂಗಳೂರಿನಂತಹ ಬೆಳೆಯುವ ನಗರದ ವಸತಿ ಸಮುಚ್ಚಯಗಳಲ್ಲಾದರೋ ಕಟ್ಟುವವರು ಒಬ್ಬರು, ಬಾಳುವವರು ಮತ್ತೊಬ್ಬರು. ಆದಕಾರಣ ಅಲ್ಪ ವರಮಾನದವರಿಗೆ ಎಟಕುವ ಮನೆ ಯಾವುದೆಂಬ ಪ್ರಶ್ನೆಯು ವಾಸ್ತುಶಿಲ್ಪಕ್ಕೆ ಸೇರಿದಂತೆಯೇ ಧರ್ಮವಿಚಾರಕ್ಕೂ ಸೇರಿದುದಾಗಿದೆ.

ಬೆಲೆಯನ್ನು ಇಳಿಸುವ ಉಪಾಯವೇನೋ ಸುಲಭ. ಕಿಟಕಿಗಳನ್ನು ಕುಗ್ಗಿಸಬಹುದು, ನಡುವಣ ಅಂಗಳವನ್ನು ಬಿಡದಿರಬಹುದು, ಮಳೆನೀರಿನ ತೊಟ್ಟಿಯನ್ನು ಕಿರಿದುಮಾಡಬಹುದು. ಆದರೆ ಹಗಲಿನಲ್ಲಿಯೂ ಉರಿಯುವ ದೀಪಕ್ಕೆ, ಬಿಡುವಿಲ್ಲದೆ ತಿರುಗುವ ಫ್ಯಾನಿಗೆ, ಬೇಸಗೆಯ ಟ್ಯಾಂಕರಿಗೆ ಹಣ ತೆರುವವರು ಯಾರು? ಕಟ್ಟಿದವನ ಉಳಿತಾಯವೇ ಬಾಳುವವನ ಋಣವಾಗಿ ಪರಿಣಮಿಸುತ್ತದೆ.

ನೀರಿನ ಲೆಕ್ಕವನ್ನೇ ನೋಡೋಣ. ಕಾವೇರಿಯ ನೀರು ಸುಮಾರು 100 ಕಿಲೋಮೀಟರು ದೂರದಿಂದ ವಿದ್ಯುಚ್ಛಕ್ತಿಯ ಬಲದಿಂದ ಬೆಂಗಳೂರಿಗೆ ಏರಿ ಬರುತ್ತದೆ. 2024ರ ಬೇಸಗೆಯಲ್ಲಿ ಕೊಳವೆಬಾವಿಗಳು ಬತ್ತಿ ನಗರವು ಪಟ್ಟ ಪಾಡು ಸರ್ವವಿದಿತವಾಗಿದೆ. 200 ಚದರ ಮೀಟರಿನ ಮಾಳಿಗೆಯ ಮೇಲೆ ವರ್ಷಕ್ಕೆ 900 ಮಿಲಿಮೀಟರು ಮಳೆ ಬಿದ್ದು, ಹನಿಯೂ ಪೋಲಾಗದೆ ಸಂಗ್ರಹವಾದರೆ 1,80,000 ಲೀಟರಾಗುವುದು. ಅದರಡಿಯಲ್ಲಿ ನಾಲ್ಕು ಅಂತಸ್ತು, ಅಂತಸ್ತಿಗೆ ನಾಲ್ಕು ಮನೆ, ಮನೆಗೆ ನಾಲ್ವರಂತೆ 64 ಮಂದಿ ಇದ್ದು, ತಲೆಗೆ ದಿನಕ್ಕೆ 135 ಲೀಟರು ಬಳಸಿದರೆ, ಆ ನೀರು ಸುಮಾರು 20 ದಿನಗಳಿಗೆ ಮಾತ್ರ ಸಾಕು. ಎಂಟು ಅಂತಸ್ತಾದರೆ 10 ದಿನ. ಎತ್ತರ ಹೆಚ್ಚಿದಂತೆ ನೆಲದ ಬೆಲೆ ಹಂಚಿಹೋಗುವುದು ನಿಜ. ಆಕಾಶವು ಕೊಡುವ ಪಾಲೂ ಹಾಗೆಯೇ ಹಂಚಿಹೋಗುವುದು. ಆದುದರಿಂದ ಸ್ನಾನದ ನೀರನ್ನು ಶುದ್ಧಿಗೊಳಿಸಿ ಶೌಚಕ್ಕೂ ಗಿಡಗಳಿಗೂ ಬಳಸುವ ಏರ್ಪಾಡು ಇಂತಹ ಮನೆಗಳಿಗೆ ಅವಶ್ಯವಾದುದು.

‘ಬಡವನಿಗೆ ಮೊದಲು ಸೂರು ಬೇಕು, ಉಳಿದುದು ಆಮೇಲೆ’ ಎಂದು ಕೆಲವರು ಆಕ್ಷೇಪಿಸಬಹುದು. ಈ ಮಾತನ್ನು ಹಗುರವಾಗಿ ತಳ್ಳುವಂತಿಲ್ಲ. ಬೆಲೆ ಹತ್ತು ಸಾವಿರ ಏರಿದರೂ ಬಾಗಿಲಲ್ಲಿ ನಿಂತಿದ್ದ ಯಾವನೋ ಒಬ್ಬನು ಹಿಂದಿರುಗಬೇಕಾದೀತು. ಆದರೆ ಗಾಳಿಯ ದಿಕ್ಕನ್ನರಿತು ಎದುರುಬದುರಾಗಿ ಕಿಟಕಿಯಿಡುವುದಕ್ಕೆ, ಪಡುವಣ ಬಿಸಿಲಿಗೆ ನೆರಳು ಮಾಡುವುದಕ್ಕೆ ಹಣಕ್ಕಿಂತ ವಿವೇಚನೆಯೇ ಹೆಚ್ಚು ಬೇಕು. ಹಣವೇ ಬೇಕಾದ ಕಡೆ ಆ ಭಾರವನ್ನು ಬಡವನೊಬ್ಬನೇ ಏಕೆ ಹೊರಬೇಕು? ಆಸ್ಟ್ರಿಯಾ ದೇಶದ ವಿಯೆನ್ನಾ ನಗರವು 1923ರಲ್ಲಿ ವಸತಿಗೆಂದೇ ತೆರಿಗೆ ವಿಧಿಸಿ, ವೈಭವದ ಮನೆಗಳವರಿಂದ ಹೆಚ್ಚಾಗಿ ಪಡೆದು, 1934ರೊಳಗೆ 60,000ಕ್ಕೂ ಮಿಕ್ಕ ಮನೆಗಳನ್ನು ಕಟ್ಟಿತು. ಅವುಗಳ ನಡುವೆ ವಿಶಾಲವಾದ ಅಂಗಳಗಳನ್ನು ಬಿಡುವುದಕ್ಕೂ ಅದು ಹಿಂದೆಗೆಯಲಿಲ್ಲ.

ನಗರವು ಬೆಳೆದುದರಿಂದ ನಿವೇಶನದ ಬೆಲೆ ನೂರ್ಮಡಿಯಾದುದನ್ನು ಕಂಡು ಸಂತೋಷಪಡುವ ನಮ್ಮಂತಹ ಗೃಹಸ್ಥರು ಆ ಏರಿಕೆಗೆ ಯಾವ ದುಡಿಮೆಯನ್ನು ಮಾಡಿದ್ದೇವೆ? ಆ ಲಾಭದಲ್ಲಿ ಒಂದಂಶವು ಮನೆಯಿಲ್ಲದವನಿಗೆ ಸಲ್ಲಬೇಕಾದ ಋಣವೇ ಹೊರತು ದಾನವಲ್ಲ. ಗೃಹಪ್ರವೇಶದಂದು ಹಾಲುಕ್ಕಿದ ಮನೆಯಲ್ಲಿ ಮೂವತ್ತು ವರ್ಷಗಳ ಬಳಿಕವೂ ಗಾಳಿ, ಬೆಳಕು, ನೀರು ಸಾಲವಿಲ್ಲದೆ ದೊರೆಯುವಂತಿದ್ದರೆ, ಅದನ್ನು ಅಗ್ಗದ ಮನೆಯೆಂದು ಕರೆಯಬಹುದು.