ತುಂಬು

ಕನ್ನಡಿಗರ ಮನೆಮಾತಿನಲ್ಲಿ 'ತುಂಬು' ಎಂಬುದು ಮಂಗಳವಾಚಕ ಶಬ್ದ. ತುಂಬಿದ ಕೊಡ ಶುಭಶಕುನ. ತವರಿನಿಂದ ಹೊರಡುವ ಮಗಳಿಗೆ ಉಡಿ ತುಂಬುವರು. ಸೊಸೆಯನ್ನು ಮನೆ ತುಂಬಿಸಿಕೊಳ್ಳುವರು. ಉತ್ತರ ಕರ್ನಾಟಕದಲ್ಲಿ ಕಂದಾಯ ಸಲ್ಲಿಸುವುದಕ್ಕೂ 'ತುಂಬುವುದು' ಎಂದೇ ಹೆಸರು. ಇದರಲ್ಲಿ ಒಂದು ಮರ್ಮವುಂಟು. ಉಡಿ ತುಂಬುವವಳು ತನ್ನ ಮೊರದ ಅಕ್ಕಿಯನ್ನೇ ತೆಗೆದು ಕೊಡಬೇಕು. ಕೊಡದೆ ತುಂಬುವ ಬಗೆಯಿಲ್ಲ.

ಸಂಸ್ಕೃತದ 'ಪೂರ್ಣ' ಶಬ್ದವೂ ಇದನ್ನೇ ಸಾರುತ್ತದೆ. ಅದರ ಮೂಲವಾದ 'ಪೄ' ಧಾತುವಿಗೆ ವೈಯಾಕರಣರು ಪಾಲನ, ಪೂರಣ ಎಂಬ ಎರಡು ಅರ್ಥಗಳನ್ನು ಹೇಳಿರುವರು. ಅನ್ಯರನ್ನು ಪಾಲಿಸದ ಸಂಪತ್ತು ಎಷ್ಟಿದ್ದರೂ ಪೂರ್ಣವೆನಿಸದು.

ಹಾಗಾದರೆ ಹೆಚ್ಚು ಕೊಡುವುದಕ್ಕಾಗಿ ಹೆಚ್ಚು ಕೂಡಿಡಬಹುದೇ? 12ನೆಯ ಶತಮಾನದ ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚಾಗಿ ತಂದನೆಂದು ಶರಣರ ಚರಿತ್ರೆ ಹೇಳುತ್ತದೆ. ಮಡದಿ ಲಕ್ಕಮ್ಮನು ಹಿಗ್ಗಲಿಲ್ಲ. ಇದರಲ್ಲಿ ಆಸೆ ಬೆರೆತಿದೆಯೆಂದು ಕಂಡು, ಮಿಕ್ಕುದನ್ನು ತಂದಲ್ಲಿಯೇ ಸುರಿದು ಬರುವಂತೆ ಪತಿಯನ್ನು ಕಳುಹಿದಳು. ಬಡವರ ಮನೆಗೆ ಬಂದ ಅಕ್ಕಿಯನ್ನು ಹಿಂದಿರುಗಿಸುವುದು ಸುಲಭವಲ್ಲ. ಆದರೆ ಹೆಚ್ಚು ಬೇರೆ, ತುಂಬು ಬೇರೆ ಎಂಬುದನ್ನು ಆ ತಾಯಿ ಬಲ್ಲಳು. ಆಸೆಯೆಂಬುದು ಕೊಡದ ತಳದ ತೂತು; ಎಷ್ಟು ಸುರಿದರೂ ಆ ಕೊಡ ತುಂಬದು.

ಉಣ್ಣುವಾಗ 'ಹೊಟ್ಟೆ ತುಂಬಿತು' ಎಂದು ಮನುಷ್ಯನು ಎಲೆಗೆ ಕೈ ಅಡ್ಡ ಹಿಡಿಯುತ್ತಾನೆ. ಗಳಿಸುವಾಗಲೂ ಹಾಗೆ ಕೈ ಅಡ್ಡ ಹಿಡಿಯಬಲ್ಲವನ ಮನೆಯೇ ತುಂಬಿದ ಮನೆ.